ಮುಂಬೈ–ಮಂಗಳೂರು ವಿಮಾನ: ಕರಾವಳಿ ನೋಡೋಕೆ ಎ ಸೀಟೋ, ಎಫ್ ಸೀಟೋ?

ಡೊಂಬಿವಲಿಯವ:
ನವೆಂಬರ್ ಮೊದಲ ವಾರ, ಬೆಳಗ್ಗೆ ಏಳಕ್ಕೆ ಮುಂಬೈಯಿಂದ ಮಂಗಳೂರು. ನಾಲ್ಕು ದಿನ ಬಿಟ್ಟು ಸಂಜೆ ವಾಪಸ್. ಎರಡೂ ಏರ್‌ಬಸ್ ಎ320. ಕಡಲತೀರ, ಅಳಿವೆಗಳು ಕಾಣಬೇಕು. ಸೀಟಿಗೆ ಬೇರೆ ದುಡ್ಡು ಕೊಟ್ಟು ರೆಕ್ಕೆ ನೋಡ್ತಾ ಕೂರೋದು ಬೇಡ. ಯಾವ ಕಡೆ, ಎಷ್ಟನೇ ಸಾಲು?

ಘಟ್ಟದ ಮೇಲೆ:
ಹೋಗುವಾಗ ಎಫ್, ಬರುವಾಗ ಎ. ಎ ಅಂದ್ರೆ ಎಡ, ಎಫ್ ಅಂದ್ರೆ ಬಲ. ಎರಡಕ್ಕೂ ಒಂದೇ ಅಕ್ಷರ ಬುಕ್ ಮಾಡೋದೇ ಎಲ್ಲರೂ ಮಾಡೋ ತಪ್ಪು. ಆಗ ಒಂದು ಸಲ ಕಡಲು, ಇನ್ನೊಂದು ಸಲ ಘಟ್ಟ.

ನಕ್ಷೆಯಲ್ಲಿ ನೇರ ಗೆರೆ ಎಳೆದ್ರೆ ರತ್ನಾಗಿರಿ, ಗೋವಾ ಹತ್ತಿರ ಅದು ತೀರದಿಂದ ಸುಮಾರು 30 ಕಿ.ಮೀ. ಒಳಗೆ ಇರುತ್ತೆ. ಹಾಗಾಗಿ ಮಾಂಡವಿ, ಜುವಾರಿ, ಕಾರವಾರದ ಕಾಳಿ ಎಲ್ಲ ಬಲಕ್ಕೆ. ಹೊನ್ನಾವರಕ್ಕೆ ಬರುವಷ್ಟರಲ್ಲಿ ಗೆರೆ ಹೆಚ್ಚುಕಮ್ಮಿ ತೀರದ ಮೇಲೇ. ಶರಾವತಿ ಅಳಿವೆ ವಿಮಾನದ ಹೊಟ್ಟೆ ಕೆಳಗೇ ಬಿದ್ರೆ ಯಾವ ಕಿಟಕಿಯಿಂದಲೂ ಕಾಣಲ್ಲ. ನಿಜವಾದ ದಾರಿ ಆಚೀಚೆ ಆಗುತ್ತೆ, ವಿಮಾನ ಹಾರಿದ ದಾರಿ ತೋರಿಸೋ ಫ್ಲೈಟ್‌ರಾಡಾರ್24 ವೆಬ್‌ಸೈಟಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ ಹಿಂದಿನ ಕೆಲವು ದಿನದ ಟ್ರ್ಯಾಕ್ ನೋಡಿ.

ಬೆಳಗಿನ ಬಿಸಿಲು ಎಡಗಡೆಯಿಂದ, ಎಫ್ ಕಿಟಕಿ ನೆರಳಲ್ಲಿ. ಫೋಟೋಗೆ ಅದೇ ಬೇಕು. ಸಂಜೆ ಎ ಕಿಟಕಿಗೆ ಸೂರ್ಯ ಎದುರಿಗೇ. ನೆಲ ಕಪ್ಪಾಗುತ್ತೆ, ನದಿ ನೀರು ಮಾತ್ರ ಹೊಳೆಯುತ್ತೆ. ಐದೂವರೆ ದಾಟಿ ಹೊರಟ್ರೆ ಬೇಗ ಕತ್ತಲು, ಸೀಟಿಗೆ ದುಡ್ಡು ಹಾಕ್ಬೇಡಿ.

ಕಿಟಕಿ_ಪಕ್ಕ:
ಸಾಲು 2ರಿಂದ 7ರೊಳಗೆ ತಗೊಳ್ಳಿ. 8–9ಕ್ಕೆ ಎಂಜಿನ್ ಅಡ್ಡ, ಅಲ್ಲಿಂದ ಸುಮಾರು 20ರವರೆಗೆ ರೆಕ್ಕೆ. ಅದರ ಹಿಂದೆ ನೆಲ ಕಾಣುತ್ತೆ, ಆದ್ರೆ ಎಂಜಿನ್ನಿನ ಬಿಸಿಗಾಳಿ ಮಧ್ಯೆ ಬಂದು ಒಲೆ ಮೇಲಿನ ಗಾಳಿ ಹಾಗೆ ಚಿತ್ರ ನಡುಗುತ್ತೆ. ಕಣ್ಣಿಗೆ ಅಷ್ಟು ಗೊತ್ತಾಗಲ್ಲ, ಜೂಮ್ ಮಾಡಿದ್ರೆ ಫೋಟೋ ಮಸುಕು.

ಇನ್ನೊಂದು, ಎ320ರಲ್ಲಿ ಕಿಟಕಿಗಳು ಸುಮಾರು 53 ಸೆಂ.ಮೀ.ಗೆ ಒಂದು, ಸೀಟುಗಳ ಅಂತರ 71ರಿಂದ 76. ಎರಡೂ ತಾಳೆಯಾಗಲ್ಲ, ಕೆಲವು ಸಾಲಲ್ಲಿ ಭುಜದ ಪಕ್ಕ ಬರೀ ಗೋಡೆ. ಕೊನೇ ಗಳಿಗೆಗೆ ಬೋಯಿಂಗ್ 737–800 ಬಂದ್ರೆ ಎಡಗಡೆ ರೆಕ್ಕೆಗಿಂತ ಸ್ವಲ್ಪ ಮುಂದೆ ಒಂದು ಕಡೆ ಕಿಟಕಿಯೇ ಇರಲ್ಲ, ಒಳಗೆ ಎಸಿ ಕೊಳವೆ ಹೋಗಿರುತ್ತೆ. ಎಟಿಆರ್ (ಪಂಖದ ಚಿಕ್ಕ ವಿಮಾನ) ಬಂದ್ರೆ ಅದೃಷ್ಟ ಮಾರಾಯ್ರೆ: ರೆಕ್ಕೆ ತಲೆ ಮೇಲೆ, ಹಾರೋದೂ ತಗ್ಗಿನಲ್ಲಿ.

ಡೊಂಬಿವಲಿಯವ:
ಎಫ್ ತಗೊಂಡ್ರೆ ಮುಂಬೈಯ ಕಡಲ ಸೇತುವೆ, ಬಾಂದ್ರಾ–ವರ್ಲಿ ಸೀ ಲಿಂಕ್, ನೋಡೋದು ಹೋಯ್ತಾ?

ಘಟ್ಟದ ಮೇಲೆ:
ಹೋಯ್ತು. ಸಾಮಾನ್ಯವಾಗಿ ರನ್‌ವೇ 27ರಿಂದ ಪಶ್ಚಿಮಕ್ಕೆ ಎದ್ದು, ಸಮುದ್ರದ ಮೇಲೆ ಎಡಕ್ಕೆ ತಿರುಗ್ತಾರೆ. ಸೀ ಲಿಂಕ್ ಎ ಕಡೆಗೆ, ಅದೂ ಒಂದೆರಡು ನಿಮಿಷ. ಅದಕ್ಕೋಸ್ಕರ ಇಡೀ ಕರಾವಳಿ ಬಿಡಬೇಡಿ. ವಾಪಸ್ ಬರುವಾಗ ಪೂರ್ವದಿಂದ ಇಳಿದ್ರೆ ಪೊವಾಯಿ, ವಿಹಾರ್ ಕೆರೆ ಎಫ್ ಕಡೆಗೆ, ಅದನ್ನೂ ಬಿಡಿ.

ಕಿಟಕಿ_ಪಕ್ಕ:
ಮೊಬೈಲನ್ನ ಗಾಜಿಗೆ ಹತ್ತಿರ ಹಿಡೀರಿ, ಒತ್ತಬೇಡಿ, ನಡುಕ ಬರುತ್ತೆ. ಗಾಜಿನ ಕೆಳಭಾಗದಲ್ಲಿ ಚಿಕ್ಕ ತೂತು ಇರುತ್ತೆ, ಅದರ ಸುತ್ತ ಮಂಜು ಕಟ್ಟುತ್ತೆ, ಲೆನ್ಸ್ ಅದಕ್ಕಿಂತ ಮೇಲಿರಲಿ. ಪೋಲರಾಯ್ಡ್ ಕನ್ನಡಕ ಬೇಡ, ಆ ಪ್ಲಾಸ್ಟಿಕ್ ಗಾಜಲ್ಲಿ ಕಾಮನಬಿಲ್ಲಿನ ಪಟ್ಟೆ ಕಾಣುತ್ತೆ.