ಪ್ರಶ್ನೋತ್ತರ: ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋದು?

ರಿಪೇರಿ ಅಣ್ಣ: ಕಾರ್ಡ್ ರಿಪೇರಿ ಮಾಡೋದೇ ನನ್ನ ಕೆಲಸ. ಇವತ್ತು ಭಾನುವಾರ, ಅಂಗಡಿ ರಜೆ. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಏನಿದ್ದರೂ ಕೇಳಿ. ಮದರ್‌ಬೋರ್ಡ್, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಡಬ್ಬಿ), ಮಾನಿಟರ್ ಯಾವುದು ಅಂತ ಮೊದಲೇ ಬರೆದುಬಿಡಿ, ಸುಮ್ನೆ ಹತ್ತು ಸಲ ಕೇಳಿಸಬೇಡಿ.

ಮಲ್ನಾಡ್ ಗೇಮರ್: ಅಣ್ಣ, ಎನ್‌ವಿಡಿಯಾದ ಆರ್‌ಟಿಎಕ್ಸ್ 3060 12 ಜಿಬಿ ಸೆಕೆಂಡ್ ಹ್ಯಾಂಡ್ ಸಿಗ್ತಿದೆ. ಹೊಸ 4060 8 ಜಿಬಿಗೂ ದುಡ್ಡು ಹೊಂದಿಸಬಹುದು. ಬಿ450 ಬೋರ್ಡ್, 1080ಪಿ ಮಾನಿಟರ್, ಬರೀ ಗೇಮ್. ಯಾವುದು?

ರಿಪೇರಿ ಅಣ್ಣ: ಬರೀ ಗೇಮ್ ಆದರೆ 4060. 1080ಪಿಯಲ್ಲಿ ಹೆಚ್ಚಿನ ಗೇಮ್‌ಗಳಲ್ಲಿ ಅದೇ ಮುಂದೆ. ಕರೆಂಟೂ ಕಡಿಮೆ, 3060ಗೆ 170 ವಾಟ್, ಇದಕ್ಕೆ 115. ಆದರೆ ಒಂದು ಮಾತು. 4060 ಬೋರ್ಡ್ ಜೊತೆ ಡೇಟಾ ಸಾಗಿಸೋಕೆ ಬಳಸೋದು ಎಂಟೇ ಲೇನ್ (ದಾರಿ), ನಿಮ್ಮ ಬಿ450ಯ ಪಿಸಿಐಇ ಸ್ಲಾಟ್ ಹಳೇ 3.0, ನಿಧಾನ. ಕಾರ್ಡ್‌ನ 8 ಜಿಬಿ ಮೆಮೊರಿ ತುಂಬಿ ಡೇಟಾ ರ್‍ಯಾಮ್‌ನಿಂದ ಓಡಾಡೋಕೆ ಶುರುವಾದರೆ ಗೇಮ್ ತಡವರಿಸುತ್ತದೆ. ಟೆಕ್ಸ್ಚರ್ ಒಂದು ಹಂತ ಇಳಿಸಿ ಆಡಿ, ಏನೂ ತೊಂದರೆ ಇಲ್ಲ.

ಬೆಳಗಾವಿ ಬಿಲ್ಡರ್: 3060ಗೆ 3584 ಕೋರ್, 192 ಬಿಟ್ ಬಸ್ (ಮೆಮೊರಿಗೆ ಹೋಗೋ ದಾರಿ), ಸೆಕೆಂಡಿಗೆ 360 ಜಿಬಿ. 4060ಗೆ 3072 ಕೋರ್, 128 ಬಿಟ್, 272 ಜಿಬಿ. ಎಲ್ಲದರಲ್ಲೂ ಹೊಸದೇ ಕಡಿಮೆ ಐತಿ. ಅದ್ಹೆಂಗ ಮುಂದೆ ಬರತೈತ್ರಿ?

ರಿಪೇರಿ ಅಣ್ಣ: ಕ್ಲಾಕ್, ಅಂದರೆ ಚಿಪ್ ಓಡೋ ವೇಗ, ನೋಡಿ. 3060ರ ಬೂಸ್ಟ್ ಸುಮಾರು 1.78 ಗಿಗಾಹರ್ಟ್ಸ್, 4060ರದು 2.46. ಜೊತೆಗೆ ಎಲ್2 ಕ್ಯಾಶ್ (ಚಿಪ್ ಒಳಗಿನ ಪುಟ್ಟ ಮೆಮೊರಿ) 3 ಎಂಬಿ ಇದ್ದದ್ದು 24 ಆಗಿದೆ. ಮೆಮೊರಿ ಹತ್ತಿರ ಹೋಗೋದೇ ಕಡಿಮೆ, ಹಾಗಾಗಿ ಸಣ್ಣ ಬಸ್ಸಲ್ಲೂ ನಡೆಯುತ್ತದೆ. ಒಂದು ಪೀಳಿಗೆಯ ಕೋರ್ ಲೆಕ್ಕವನ್ನು ಇನ್ನೊಂದರ ಜೊತೆ ಇಟ್ಟು ನೋಡಬೇಡಿ. 2060ರಲ್ಲಿ 1920 ಇತ್ತು, 3060ರಲ್ಲಿ 3584. ವೇಗ ಡಬಲ್ ಆಯ್ತಾ? ಇಲ್ಲ ಅಲ್ವಾ.

ಕೆಂಪು ಟೀಮ್: ಎರಡೂ ಬಿಡಿ. ಎಎಂಡಿಯ ಆರ್‌ಎಕ್ಸ್ 6600 ತಗೊಳ್ಳಿ, 132 ವಾಟ್, ದುಡ್ಡಿಗೆ ಮೋಸ ಇಲ್ಲ.

ಮಲ್ನಾಡ್ ಗೇಮರ್: ಎಎಂಡಿ ಡ್ರೈವರ್ ಕಥೆ ಗೊತ್ತಿದೆ, ಬೇಡ.

ಕೆಂಪು ಟೀಮ್: ಯಾವ ಕಾಲದ ಕಥೆ ಸ್ವಾಮಿ? ನೀವು ಬಳಸಿದ್ದೀರಾ?

ಮಲ್ನಾಡ್ ಗೇಮರ್: ನನ್ನ ಫ್ರೆಂಡ್ ಬಳಸಿದ್ದಾನೆ.

ಕೆಂಪು ಟೀಮ್: ಹಾಗಾದರೆ ಫ್ರೆಂಡೇ ಬಂದು ಮಾತಾಡಲಿ.

ಹಾಸನದ ಹುಡುಗ: ಸರ್, ಆನ್‌ಲೈನ್‌ನಲ್ಲಿ ಒಬ್ಬರಿಂದ ಜಿಟಿಎಕ್ಸ್ 1050 ಟಿಐ 4 ಜಿಬಿ ತುಂಬಾ ಕಡಿಮೆಗೆ ತಗೊಂಡೆ. ಡೆಸ್ಕ್‌ಟಾಪ್ ಬರುತ್ತೆ. ಗೇಮ್ ಲೋಡ್ ಆಗುವಾಗ ಸ್ಕ್ರೀನ್ ಕಪ್ಪಾಗುತ್ತೆ. ಹೊಸ ಡ್ರೈವರ್ ಹಾಕಿದರೆ ತಗೊಳ್ತಿಲ್ಲ. ಹಳೇ ವಿಜಿಎ ಮಾನಿಟರ್, ಕೇಬಲ್ ಕೂಡ ಬದಲಾಯಿಸಿ ನೋಡಿದೆ.

ಮೈಸೂರು ಎಡಿಟರ್: ಸರ್, ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರ್‌ಗೆ 3060 12 ಜಿಬಿಯೇ ಒಳ್ಳೇದಾ?

ವಾಟ್ಸಾಪ್ ಮಾವ: ಹಾಸನದವರೇ, ಕಾರ್ಡನ್ನು ಓವನ್‌ನಲ್ಲಿ ಹತ್ತು ನಿಮಿಷ ಇಡಿ, ಸರಿಹೋಗುತ್ತೆ. ವಿಡಿಯೋ ಫಾರ್ವರ್ಡ್ ಮಾಡಲಾ? ಥರ್ಮಲ್ ಪೇಸ್ಟ್ ಒಣಗಿದ್ದರೆ ಟೂತ್‌ಪೇಸ್ಟ್ ಸಾಕು.

ರಿಪೇರಿ ಅಣ್ಣ: ದಯವಿಟ್ಟು ಬೇಡ. ಸೀಸ ಇಲ್ಲದ ಬೆಸುಗೆ ಕರಗೋದು 217 ಡಿಗ್ರಿಯ ಆಸುಪಾಸು. ಅಲ್ಲಿಯವರೆಗೆ ಕಾಯಿಸಿದರೆ ಪ್ಲಾಸ್ಟಿಕ್ ಕನೆಕ್ಟರ್ ಜೋತುಬೀಳುತ್ತದೆ, ಕೆಪಾಸಿಟರ್ ಉಬ್ಬುತ್ತದೆ, ಆ ಹೊಗೆ ಹಿಡಿದ ಓವನ್‌ನಲ್ಲೇ ನಾಳೆ ಕೇಕ್ ಮಾಡ್ತೀರಿ. ಕಾಯಿಸಿದ ಕಾರ್ಡ್ ನಾಲ್ಕು ದಿನ ಎದ್ದು ಕೂತರೂ ಮತ್ತೆ ಮಲಗುತ್ತದೆ, ಆಮೇಲೆ ನನ್ನ ಹತ್ತಿರ ತಂದರೂ ಪ್ರಯೋಜನ ಇಲ್ಲ. ಟೂತ್‌ಪೇಸ್ಟ್ ಹಲ್ಲಿಗೆ ಹಾಕಿ.

ಹಾಸನದವರೇ, ವಿಜಿಎ ಕೇಬಲ್ ನೇರ ಕಾರ್ಡ್‌ಗೇ ಹಾಕಿದ್ದೀರಾ? ನಡುವೆ ಕನ್ವರ್ಟರ್ ಇಲ್ವಾ? ಹಿಂಬದಿಯ ಫೋಟೋ ಹಾಕಿ.

ಹಾಸನದ ಹುಡುಗ: ನೇರವಾಗೇ ಸರ್. ಫೋಟೋ ಹಾಕಿದ್ದೀನಿ. ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಇದೆ.

ರಿಪೇರಿ ಅಣ್ಣ: ಅಲ್ಲೇ ಸಿಕ್ಕಿತು. 1050 ಟಿಐ ಎನ್‌ವಿಡಿಯಾದ ಪಾಸ್ಕಲ್ ಪೀಳಿಗೆಯ ಚಿಪ್. ಆ ಪೀಳಿಗೆಯಿಂದ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ ತೆಗೆದುಹಾಕಿದ್ದಾರೆ. ನೀಲಿ ವಿಜಿಎ ಕಿಂಡಿ ಇದ್ದರೆ ಅನುಮಾನ ಪಡಬೇಕು. ಇಂಥವು ಸುಮಾರು ನೋಡಿದ್ದೀನಿ: ಒಳಗೆ 2010ರ ಸುಮಾರಿನ ಫರ್ಮಿ ಚಿಪ್, ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐ. ಬಯಾಸ್ (ಕಾರ್ಡ್ ಒಳಗಿನ ಸಾಫ್ಟ್‌ವೇರ್) ತಿದ್ದಿ, ಹೆಸರು ಬದಲಾಯಿಸಿ, 4 ಜಿಬಿ ಅಂತ ತೋರಿಸುತ್ತಾರೆ. ನಿಜವಾಗಿ ಇರೋದು ಬಹಳ ಸಲ 1 ಜಿಬಿ. ಡೆಸ್ಕ್‌ಟಾಪ್‌ಗೆ ಅಷ್ಟು ಸಾಕು. ಗೇಮ್ ಅದನ್ನು ದಾಟಿದ ಕೂಡಲೇ ಇಲ್ಲದ ಮೆಮೊರಿಗೆ ಬರೆಯೋಕೆ ಹೋಗಿ ಸ್ಕ್ರೀನ್ ಕಪ್ಪಾಗುತ್ತದೆ. ಹೊಸ ಡ್ರೈವರ್ ಕೂರದ ಕಾರಣವೂ ಇದೇ, ಫರ್ಮಿಗೆ ಹೊಸ ಡ್ರೈವರ್ ಕೊಡೋದು 2018ರಲ್ಲೇ ನಿಲ್ಲಿಸಿದರು. ಕಾರ್ಡ್ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ಇಳಿಸಿ ಓಡಿಸಿ. ಹೆಸರಿನ ಜೊತೆ ಫೇಕ್ ಅಂತ ಬರುತ್ತದಾ ನೋಡಿ. ಶೇಡರ್ (ಕೋರ್) ಎಷ್ಟು ಅಂತಲೂ ಹೇಳಿ, ಅಸಲಿಯಲ್ಲಿ 768 ಇರಬೇಕು.

ಶಿರಸಿ ಸೈಬರ್: 3060 ತಗೊಳ್ಳೋದಾ 4060 ತಗೊಳ್ಳೋದಾ ಸರ್?

ರಿಪೇರಿ ಅಣ್ಣ: ಮೇಲೆ ಓದಿ.

ತುಮಕೂರು ಟೆಕ್ಕಿ: ನನ್ನ 3060 ಗೇಮ್ ಆಡುವಾಗ ರೀಸ್ಟಾರ್ಟ್ ಆಗುತ್ತೆ. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಬಂದಿದ್ದು, 450 ವಾಟ್ ಅಂತಿದೆ. ಎಂಟು ಪಿನ್ ವೈರ್ ಇರಲಿಲ್ಲ, ಮೋಲೆಕ್ಸ್ (ಹಳೇ ನಾಲ್ಕು ಪಿನ್) ಅಡಾಪ್ಟರ್ ಹಾಕಿದ್ದೀನಿ. ನಿನ್ನೆಯಿಂದ ಸ್ವಲ್ಪ ಸುಟ್ಟ ವಾಸನೆ.

ರಿಪೇರಿ ಅಣ್ಣ: ಇದನ್ನು ಓದಿದ ತಕ್ಷಣ ಪ್ಲಗ್ ಕೀಳಿ. ಎಂಟು ಪಿನ್ ಅಂದರೆ 150 ವಾಟ್ ತನಕ ಎಳೆಯಬಹುದು. ಆ ತೆಳು ವೈರ್ ತಡೆಯಲ್ಲ. ಸ್ಟಿಕರ್ ಮೇಲಿನ 450 ನಂಬಬೇಡಿ, 12 ವೋಲ್ಟ್ ಸಾಲಲ್ಲಿ ಎಷ್ಟು ಆಂಪ್ಸ್ ಅಂತ ಬರೆದಿದೆ, ಅದನ್ನು 12ರಿಂದ ಗುಣಿಸಿ, ಆ ಸಾಲಲ್ಲಿ ಸಿಗೋ ವಾಟ್ ಅಷ್ಟೇ. ಕಾರ್ಡ್‌ಗೆ ನೇರ ಎಂಟು ಪಿನ್ ವೈರ್ ಇರುವ ಒಳ್ಳೇ ಎಸ್‌ಎಂಪಿಎಸ್ ಬರೋವರೆಗೆ ಆನ್ ಮಾಡಬೇಡಿ. ಒಂದು ಸಲವೂ.

ವಾಟ್ಸಾಪ್ ಮಾವ: ನನ್ನ ಸಂಬಂಧಿಕರ ಮನೆಯಲ್ಲಿ ಮೋಲೆಕ್ಸ್ ಎರಡು ವರ್ಷದಿಂದ ಚೆನ್ನಾಗೇ ಇದೆ. ಸುಮ್ನೆ ಹೆದರಿಸಬೇಡಿ.

ರಿಪೇರಿ ಅಣ್ಣ: ಮಾವ, ಬೆಂಕಿ ಬಿದ್ದರೆ ನೀವು ಬಂದು ಆರಿಸ್ತೀರಾ?

ಬೆಳಗಾವಿ ಬಿಲ್ಡರ್: ಹಿರಿಯರಿಗೆ ಹಂಗ ಮಾತಾಡೋದು ಸರಿ ಅಲ್ರಿ.

ಕೆಂಪು ಟೀಮ್: ಓವನ್‌ನಲ್ಲಿ ಕಾರ್ಡ್ ಬೇಯಿಸಿ ಅನ್ನೋದು ಸರೀನಾ ಹಾಗಾದರೆ?

ಮೈಸೂರು ಎಡಿಟರ್: ಸರ್, ಬ್ಲೆಂಡರ್?

ಕೋಲಾರದವ: 3060 ಒಳ್ಳೇದಾ 4060 ಒಳ್ಳೇದಾ? ಅರ್ಜೆಂಟ್.

ರಿಪೇರಿ ಅಣ್ಣ: ಬೆರಳು ಮೇಲಕ್ಕೆ ಎಳೆದರೆ ಉತ್ತರ ಇದೆ. ಅಷ್ಟೂ ಆಗಲ್ವಾ?

ಹಾಸನದ ಹುಡುಗ: ಸರ್, ಫೇಕ್ ಅಂತಲೇ ಬಂತು. ಶೇಡರ್ 192. ಮಾರಿದವರು ಬ್ಲಾಕ್ ಮಾಡಿದ್ದಾರೆ. ಬಯಾಸ್ ಬದಲಾಯಿಸಿದರೆ ಸರಿಯಾಗುತ್ತಾ?

ರಿಪೇರಿ ಅಣ್ಣ: 192 ಶೇಡರ್ 768 ಆಗಲ್ಲ. ಮೂಲ ಬಯಾಸ್ ಸಿಕ್ಕರೆ ಹಳೇ ಕಾರ್ಡ್ ಹಳೇ ಕಾರ್ಡಾಗಿ ನಡೆಯಬಹುದು, ಟೈಪಿಂಗ್‌ಗೆ, ಸಿನಿಮಾಗೆ. ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ರಸೀದಿ ಇಟ್ಟುಕೊಂಡು 1930ಗೆ ಫೋನ್ ಮಾಡಿ, ಸೈಬರ್ ವಂಚನೆ ದೂರು ಅಲ್ಲೇ ತಗೊಳ್ಳೋದು.

ಹಾಸನದ ಹುಡುಗ: ದುಡ್ಡು ಬರದಿದ್ದರೆ ನಾನೂ ಬೇರೆಯವರಿಗೆ ಮಾರಿಬಿಡಲಾ ಸರ್? ಅರ್ಧ ರೇಟಿಗೆ.

ರಿಪೇರಿ ಅಣ್ಣ: 1050 ಟಿಐ ಅಂತ ಹಾಕಿದರೆ ಆ ಪೋಸ್ಟಿಗೆ ಮೊದಲ ಕಾಮೆಂಟ್ ನನ್ನದೇ. ಜಿಟಿಎಸ್ 450 ಅಂತ ಬರೆದು ಮಾರಿ.

ಕೆಂಪು ಟೀಮ್: ಆ ಹೆಸರಿಗೆ ಯಾರೂ ನೂರು ರೂಪಾಯಿನೂ ಕೊಡಲ್ಲ.

ರಿಪೇರಿ ಅಣ್ಣ: ಅದರ ಬೆಲೆ ಅಷ್ಟೇ.