ಅಪ್‌ಡೇಟ್: 120ರ ಟೈರ್ ಕೈಬಿಟ್ಟೆ

ನನ್ನ 150 ಸಿಸಿ ಬೈಕಿನ ಹಿಂದಿನ 100/90-17 ಟೈರ್ ತೆಗೆದು 120/80-17 ಹಾಕಿಸಬಹುದಾ ಅಂತ ಕೇಳಿದ್ದೆ (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಅಗಲದ ಶೇಕಡಾ ಎಷ್ಟು ಎತ್ತರ ಅಂತ, ಕೊನೆಯದು ರಿಮ್ಮಿನ ಇಂಚು). ಹಾಕಿಸಲಿಲ್ಲ.

ಅದೇ ಮಾಡೆಲ್‌ನ ಗೆಳೆಯನ ಬೈಕಿಗೆ 120 ಇತ್ತು. ಚಾರ್ಮಾಡಿ ಘಾಟಿಯಲ್ಲಿ ಓಡಿಸಿ ನೋಡಿದೆ. ನೇರ ರಸ್ತೆಯಲ್ಲಿ ಆರಾಮ. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಬೈಕ್ ವಾಲೋಕೆ ಸತಾಯಿಸುತ್ತದೆ, ಹ್ಯಾಂಡಲ್ ಜಾಸ್ತಿ ಒತ್ತಬೇಕು. ರಿಮ್ ಕಿರಿದು, ಹಾಗಾಗಿ ಟೈರಿನ ಅಂಚು ಒಳಕ್ಕೆ ಸೆಳೆದು ನಡು ಉಬ್ಬಿತ್ತು. ಉಬ್ಬಿದ ಟೈರ್ ರಸ್ತೆಗೆ ಪೂರ್ತಿ ಅಗಲಕ್ಕೆ ತಾಗಲ್ಲ; ದಪ್ಪ ಇದ್ದರೆ ಹಿಡಿತ ಜಾಸ್ತಿ ಅನ್ನೋ ಲೆಕ್ಕ ಅಲ್ಲೇ ಕೆಟ್ಟಿತು, ಅಲ್ವಾ? ಚೈನ್ ಪಕ್ಕದ ಸಂದಿನಲ್ಲಿ ಬೆರಳೂ ತೂರುತ್ತಿರಲಿಲ್ಲ. ವ್ಯಾಸವೂ 12 ಮಿ.ಮೀ. ಹೆಚ್ಚು, ಏರಿನಲ್ಲಿ ಎಳೆತ ಸ್ವಲ್ಪ ಮಂದ.

ನಾನು 110/80-17 ಹಾಕಿಸಿದೆ. ವ್ಯಾಸ ಹಳೆಯದಕ್ಕಿಂತ ಬರೀ 4 ಮಿ.ಮೀ. ಕಡಿಮೆ. ತಿರುವಿನಲ್ಲಿ ಮೊದಲಿನಷ್ಟೇ ಚುರುಕು. ಮುಂದಿನ ಚಕ್ರದ ಟೈರ್ ಸವೆದಿದೆ, ಅದಕ್ಕೆ ಕಂಪನಿ ಕೊಟ್ಟ ಸೈಜೇ ಹಾಕಿಸ್ತೀನಿ.