ಅಪ್‌ಡೇಟ್: ಕ್ಯಾರಿಯರ್ ಮೇಲಿನ ಪೆಟ್ಟಿಗೆಗಳು ಈಗ ಸರಿಯುತ್ತಿಲ್ಲ

ಬೊಲೆರೊ ಕ್ಯಾರಿಯರ್ ಮೇಲಿಟ್ಟ ಎರಡು ಪ್ಲಾಸ್ಟಿಕ್ ಪೆಟ್ಟಿಗೆಗಳು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸರಿಯದಂತೆ ಬಿಗಿಯುವುದು ಹೇಗೆ ಎಂದು ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಕೊಕ್ಕೆಯಿರುವ ಎಲಾಸ್ಟಿಕ್ ಹಗ್ಗವು ಬ್ರೇಕ್ ಹಾಕಿದಾಗ ಹಿಗ್ಗಿ ಪೆಟ್ಟಿಗೆ ಮುಂದೆ ಸರಿಯಲು ಎಡೆಗೊಡುತ್ತದೆ, ನೈಲಾನ್ ಪಟ್ಟಿ ಮಳೆಯಲ್ಲಿ ನೆನೆದರೆ ಸಡಿಲವಾಗುತ್ತದೆ ಎಂದು ಹಲವರು ಎಚ್ಚರಿಸಿದ್ದರಿಂದ ಪಾಲಿಯೆಸ್ಟರ್ ಪಟ್ಟಿಗಳನ್ನೇ ಆರಿಸಿಕೊಂಡೆ. ರ್‍ಯಾಚೆಟ್ (ಪಟ್ಟಿಯನ್ನು ಎಳೆದು ಬಿಗಿಯುವ ಹಲ್ಲುಚಕ್ರದ ಹಿಡಿ) ಬಿಗಿದಷ್ಟೂ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗುತ್ತಿತ್ತು. ಅದು ತಗ್ಗಿದಷ್ಟು ಹಿಡಿತವೂ ಕಡಿಮೆಯಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಅಂಚಿನಿಂದ ಅಂಚಿಗೆ ತಲುಪುವಂತೆ ಪ್ಲೈವುಡ್ ತುಂಡೊಂದನ್ನು ಮುಚ್ಚಳದ ಮೇಲಿಟ್ಟು, ಅದರ ಮೇಲೆ ಪಟ್ಟಿ ಹಾಯಿಸಿದೆ. ಈಗ ಒತ್ತಡವೆಲ್ಲ ಗಟ್ಟಿಯಾದ ಪಕ್ಕದ ಗೋಡೆಗಳ ಮೇಲೆ ಬೀಳುತ್ತಿದೆ. ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಬದಲಾವಣೆ ಇದೇ.

ಅಡಿಯಲ್ಲಿ ರಬ್ಬರ್ ಮ್ಯಾಟ್ ಹಾಸಿದ್ದೇನೆ. ಮುಂಭಾಗದಲ್ಲಿ ಕಬ್ಬಿಣದ ಆಂಗಲ್ ಒಂದನ್ನು ಕ್ಯಾರಿಯರ್‌ಗೆ ಅಡ್ಡಲಾಗಿ, ಅದುರಿಕೆಗೆ ಸಡಿಲಗೊಳ್ಳದ ನೈಲಾಕ್ ನಟ್ ಹಾಕಿ ಕೂರಿಸಿದ್ದರಿಂದ ಇಳಿಜಾರಿನಲ್ಲಿ ಭಾರವೆಲ್ಲ ಪಟ್ಟಿಗಳ ಮೇಲೆಯೇ ಬೀಳುವುದಿಲ್ಲ. ಪಟ್ಟಿಗೆ ಒಂದು ತಿರುಚು ಕೊಟ್ಟ ಮೇಲೆ ಗಾಳಿಗೆ ಬರುತ್ತಿದ್ದ ಗುಂಯ್‌ಗುಟ್ಟುವ ಸದ್ದು ನಿಂತಿದೆ.

ತೂಕದ ಬಗ್ಗೆ ಕೇಳಿದವರಿಗೆ: ವಾಹನದ ಕೈಪಿಡಿಯಲ್ಲಿ ಕೊಟ್ಟಿರುವ ಛಾವಣಿಯ ಮಿತಿಯಲ್ಲಿ ಕ್ಯಾರಿಯರ್‌ನ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಾಗಾಗಿ ಗ್ಯಾಸ್ ಒಲೆ, ನೀರಿನ ಕ್ಯಾನ್‌ಗಳನ್ನು ವಾಹನದೊಳಗೆ ಕೆಳಗಿಟ್ಟು, ಡೇರೆ, ಹಾಸಿಗೆಗಳನ್ನಷ್ಟೇ ಮೇಲಕ್ಕೆ ಹಾಕಿದ್ದೇನೆ.

ಮುಚ್ಚಳದ ಸಂದಿಯಿಂದ ಮಳೆನೀರು ಇಳಿಯುವುದನ್ನು ತಡೆಯುವುದೊಂದು ಬಾಕಿಯಿದೆ. ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.